ಒಂದು ಪರಮಾಣುವಿನ ಅಂತರ

ಕಾಫಿಗೆ ಸಕ್ಕರೆಯನ್ನು ಬಿಟ್ಟು, ಅದರ ಬದಲಾಗಿ ಸಣ್ಣದೊಂದು ಬಿಳಿಯ ಗುಳಿಗೆಯನ್ನು ಹಾಕಿಕೊಳ್ಳುವ ಹಿರಿಯರು ಈಗ ಅನೇಕ ಮನೆಗಳಲ್ಲಿ ಉಂಟು. ಆ ಗುಳಿಗೆಯ ಡಬ್ಬಿಯನ್ನು ಕೈಗೆತ್ತಿಕೊಂಡು, ಕನ್ನಡಕವನ್ನು ಸರಿಪಡಿಸಿಕೊಂಡು, ಅದರ ಬೆನ್ನಿನ ಮೇಲೆ ಇರುವೆಯ ಸಾಲಿನಂತೆ ಅಚ್ಚಾಗಿರುವ ಅಕ್ಷರಗಳನ್ನು ಓದಿದವರು ಮಾತ್ರ ವಿರಳ. ಗುಳಿಗೆಯು ಆಸ್ಪರ್ಟೇಮ್ ಎಂಬ ಪದಾರ್ಥದಿಂದ ಮಾಡಿದುದಾದರೆ, ಆ ಅಕ್ಷರಗಳ ನಡುವೆ ಒಂದು ಎಚ್ಚರಿಕೆ ಕಂಡುಬರುತ್ತದೆ: ಫಿನೈಲ್‌ಕೀಟೋನೂರಿಯ ಉಳ್ಳವರಿಗೆ ಇದು ಸಲ್ಲದು.

ಆ ಹೆಸರನ್ನು ಉಚ್ಚರಿಸುವುದೇ ನಾಲಗೆಗೆ ಒಂದು ವ್ಯಾಯಾಮ. ‘ನಮಗಿರುವುದು ಬರಿಯ ಸಕ್ಕರೆ ಕಾಯಿಲೆ, ಇದಾವುದೋ ಬೇರೆ’ ಎಂದುಕೊಂಡು ಡಬ್ಬಿಯನ್ನು ಮತ್ತೆ ಕಪಾಟಿನಲ್ಲಿಡುವುದು ವಾಡಿಕೆ. ಅದರಲ್ಲಿ ತಪ್ಪೇನೂ ಇಲ್ಲ. ಆ ಎಚ್ಚರಿಕೆ ನಿಜವಾಗಿಯೂ ಬೇರೆಯವರಿಗಾಗಿಯೇ ಇದೆ. ಆದರೆ ಆ ಬೇರೆಯವರು ಯಾರು, ಅವರಿಗೆ ಏಕೆ ಸಲ್ಲದು ಎಂದು ಕೇಳುತ್ತ ಹೋದರೆ, ತಾಯಿಯೊಬ್ಬಳ ಹಟದಿಂದ ತೊಡಗಿ ಇಂದು ಹುಟ್ಟಿದ ಕೂಸಿನ ಹಿಮ್ಮಡಿಯವರೆಗೆ ಬರುವ ಕಥೆಯೊಂದು ದೊರೆಯುತ್ತದೆ. ಆ ಕಥೆಯ ನಡುವೆ ನಿಂತಿರುವುದು ಅಪರೂಪದ ವಿಷವೇನೂ ಅಲ್ಲ. ನಾವು ದಿನವೂ ಹುಳಿಯಲ್ಲಿ, ಮೊಸರಿನಲ್ಲಿ ಉಣ್ಣುತ್ತಿರುವ ಫಿನೈಲಲನೀನ್ ಎಂಬ ಅಮೈನೋ ಆಮ್ಲ ಅದು.

ಇಪ್ಪತ್ತರಲ್ಲಿ ಒಂದು

ಬೇಳೆ, ಹಾಲು, ಮೊಟ್ಟೆ, ಮಾಂಸಗಳಲ್ಲಿರುವ ಪ್ರೋಟೀನು ಒಂದು ಸರದ ಹಾಗೆ. ಸರದಲ್ಲಿ ಪೋಣಿಸಿರುವ ಮಣಿಗಳೇ ಅಮೈನೋ ಆಮ್ಲಗಳು. ಮಣಿಗಳ ಬಗೆ ಇಪ್ಪತ್ತು. ಸುಮಾರು ಐವತ್ತು ಅಕ್ಷರಗಳಿಂದ ಕನ್ನಡದ ಪದಗಳೆಲ್ಲ ಹುಟ್ಟುವಂತೆ, ಈ ಇಪ್ಪತ್ತರ ಜೋಡಣೆಯಿಂದಲೇ ಕೂದಲು, ಸ್ನಾಯು, ರಕ್ತ ಮೊದಲಾದವುಗಳ ಪ್ರೋಟೀನುಗಳು ಆಗುತ್ತವೆ. ಉಂಡ ಪ್ರೋಟೀನನ್ನು ಜಠರವೂ ಕರುಳೂ ಸೇರಿ ಮಣಿಮಣಿಯಾಗಿ ಬಿಡಿಸಿ ರಕ್ತಕ್ಕೆ ಒಪ್ಪಿಸುತ್ತವೆ. ದೇಹವು ಆ ಮಣಿಗಳಿಂದ ತನಗೆ ಬೇಕಾದ ಹೊಸ ಸರಗಳನ್ನು ಪೋಣಿಸಿಕೊಳ್ಳುತ್ತದೆ.

ಈ ಮಣಿಗಳಿಗೆಲ್ಲ ಒಂದು ಕುಟುಂಬದ ಹೋಲಿಕೆ ಉಂಟು. ನಡುವೆ ಒಂದು ಇಂಗಾಲದ ಪರಮಾಣು. ಅದರ ಒಂದು ಕೈಯಲ್ಲಿ ಸಾರಜನಕವುಳ್ಳ ಅಮೈನೋ ಗುಂಪು, ಇನ್ನೊಂದು ಕೈಯಲ್ಲಿ ಆಮ್ಲದ ಗುಂಪು, ಮೂರನೆಯದರಲ್ಲಿ ಜಲಜನಕ. ನಾಲ್ಕನೆಯ ಕೈಯಲ್ಲಿರುವುದು ಮಾತ್ರ ಮಣಿಯಿಂದ ಮಣಿಗೆ ಬೇರೆ. ಅದರಿಂದಲೇ ಒಂದೊಂದಕ್ಕೂ ಒಂದೊಂದು ಗುಣ. ಅಲನೀನ್ ಎಂಬ ಸರಳವಾದ ಅಮೈನೋ ಆಮ್ಲದ ನಾಲ್ಕನೆಯ ಕೈಯಲ್ಲಿ ಒಂದು ಇಂಗಾಲ, ಅದಕ್ಕಂಟಿದ ಮೂರು ಜಲಜನಕ, ಇಷ್ಟೇ. ಆ ಮೂರರಲ್ಲಿ ಒಂದು ಜಲಜನಕವನ್ನು ತೆಗೆದು, ಅಲ್ಲಿ ಆರು ಇಂಗಾಲಗಳ ಉಂಗುರವೊಂದನ್ನು ತೊಡಿಸಿದರೆ ಅದೇ ಫಿನೈಲಲನೀನ್. ಉಂಗುರದ ಹೆಸರು ಫಿನೈಲ್. ಆದುದರಿಂದಲೇ ಈ ಜೋಡಿ ಹೆಸರು.

ಈ ಪದಾರ್ಥವನ್ನು ಮೊದಲು ಕಂಡವರು ಶೂಲ್ಟ್ಸೆ ಮತ್ತು ಬಾರ್ಬಿಯೇರಿ ಎಂಬ ರಸಾಯನಜ್ಞರು. 1879ರಲ್ಲಿ ಅವರು ಲೂಪಿನ್ ಎಂಬ, ನಮ್ಮ ಅವರೆ ತೊಗರಿಗಳ ಬಳಗಕ್ಕೆ ಸೇರಿದ ಗಿಡದ ಮೊಳಕೆಗಳಿಂದ ಇದನ್ನು ಬೇರ್ಪಡಿಸಿದರು. ಮೂರು ವರ್ಷಗಳ ತರುವಾಯ, 1882ರಲ್ಲಿ, ಅರ್ಲೆನ್‌ಮೇಯರ್ ಮತ್ತು ಲಿಪ್ ಎಂಬವರು ಇದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿತವರಿಗೆ ಕೆಳಗೆ ಅಗಲವಾಗಿ ಮೇಲೆ ಕಿರಿದಾಗಿರುವ ಶಂಕುವಿನಾಕಾರದ ಗಾಜಿನ ಪಾತ್ರೆ ನೆನಪಿರಬಹುದು; ಅದಕ್ಕೆ ಈ ಅರ್ಲೆನ್‌ಮೇಯರರ ಹೆಸರೇ ಇದೆ.

ನೋಡುವುದಕ್ಕೆ ಇದು ಬಿಳಿಯ ಹರಳುಪುಡಿ. ಒಂದು ಲೀಟರು ನೀರಿನಲ್ಲಿ ಕರಗುವುದು ಹೆಚ್ಚೆಂದರೆ 30 ಗ್ರಾಂ ಸುಮಾರು. ಅದರ ಉಂಗುರಕ್ಕೆ ನೀರೆಂದರೆ ಒಲ್ಲದು. ಹೀಗಾಗಿ ಪ್ರೋಟೀನಿನ ಸರವು ಮಡಿಸಿಕೊಳ್ಳುವಾಗ ಫಿನೈಲಲನೀನ್ ಮಣಿಗಳು, ಮಳೆ ಬಂದಾಗ ಜಗುಲಿಯಿಂದ ಒಳಕ್ಕೆ ಸರಿಯುವ ಬೆಕ್ಕಿನ ಹಾಗೆ, ಸಾಮಾನ್ಯವಾಗಿ ಮಡಿಕೆಯ ಒಳಭಾಗಕ್ಕೆ ಸೇರಿಕೊಳ್ಳುತ್ತವೆ. ಸರಕ್ಕೆ ಅದರ ಆಕಾರ ಬರುವುದರಲ್ಲಿ ಇದೂ ಒಂದು ಕಾರಣ. ಇನ್ನು ರುಚಿ: ನಮ್ಮ ದೇಹದಲ್ಲಿರುವ ಫಿನೈಲಲನೀನ್ ಕಹಿ. ಕನ್ನಡಿಯಲ್ಲಿ ಬಲಗೈ ಎಡಗೈಯಾಗಿ ಕಾಣುವಂತೆ ಇದಕ್ಕೂ ಒಂದು ಪ್ರತಿಬಿಂಬರೂಪವುಂಟು. ಪರಮಾಣುಗಳು ಅವೇ, ಲೆಕ್ಕವೂ ಅದೇ, ಆದರೆ ಅದು ಸಿಹಿ!

ನಮ್ಮ ಆಹಾರದ ಪ್ರೋಟೀನಿನಲ್ಲಿ ನೂರಕ್ಕೆ ನಾಲ್ಕೈದು ಪಾಲು ಇದೇ ಇರುತ್ತದೆ. ದಿನಕ್ಕೆ 60 ಗ್ರಾಂ ಪ್ರೋಟೀನು ಉಣ್ಣುವವನು ಮೂರು ಗ್ರಾಂನಷ್ಟು ಫಿನೈಲಲನೀನನ್ನು ತನಗರಿವಿಲ್ಲದೆಯೇ ಉಣ್ಣುತ್ತಾನೆ. ಉಣ್ಣದೆ ಗತಿಯೂ ಇಲ್ಲ. ಆರು ಇಂಗಾಲಗಳ ಆ ಉಂಗುರವನ್ನು ಕಟ್ಟುವ ವಿದ್ಯೆ ಗಿಡಗಳಿಗೆ ಗೊತ್ತು, ಸೂಕ್ಷ್ಮಜೀವಿಗಳಿಗೆ ಗೊತ್ತು. ಮನುಷ್ಯನ ದೇಹಕ್ಕೆ ಗೊತ್ತಿಲ್ಲ. ಹೀಗೆ ಹೊರಗಿನಿಂದಲೇ ಬರಬೇಕಾದವುಗಳಿಗೆ ಅತ್ಯಾವಶ್ಯಕ ಅಮೈನೋ ಆಮ್ಲಗಳೆಂದು ಹೆಸರು.

ಉಸಿರಿನಿಂದ ಬಂದ ಪರಮಾಣು

ಒಂದು ಫಿನೈಲಲನೀನ್ ಅಣುವಿನಲ್ಲಿ ಇಂಗಾಲ 9, ಜಲಜನಕ 11, ಸಾರಜನಕ 1, ಆಮ್ಲಜನಕ 2. ಒಟ್ಟು 23 ಪರಮಾಣುಗಳು. ಇದರ ಉಂಗುರದ ತುದಿಗೆ ಇನ್ನೊಂದೇ ಒಂದು ಆಮ್ಲಜನಕದ ಪರಮಾಣು ಸೇರಿದರೆ ಟೈರೋಸೀನ್ ಎಂಬ ಮತ್ತೊಂದು ಅಮೈನೋ ಆಮ್ಲವಾಗುತ್ತದೆ. ದೇಹಕ್ಕೆ ಬೇಕಾದ ಅನೇಕ ಪದಾರ್ಥಗಳಿಗೆ ಟೈರೋಸೀನೇ ಮೂಲ: ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡುವ ಮೆಲನಿನ್, ಭಯಗೊಂಡಾಗ ಎದೆ ಬಡಿದುಕೊಳ್ಳುವಂತೆ ಮಾಡುವ ಅಡ್ರಿನಲಿನ್, ಕತ್ತಿನ ಥೈರಾಯ್ಡ್ ಗ್ರಂಥಿಯ ರಸ, ಎಲ್ಲವೂ ಅಲ್ಲಿಂದಲೇ.

ಸರ ಪೋಣಿಸಿ ಉಳಿದ ಫಿನೈಲಲನೀನನ್ನು ಟೈರೋಸೀನಾಗಿ ಮಾರ್ಪಡಿಸುವ ಕೆಲಸ ಯಕೃತ್ತಿನದು. ಅಲ್ಲಿರುವ ಒಂದು ಕಿಣ್ವವು ಉಸಿರಿನ ಮೂಲಕ ಬಂದ ಆಮ್ಲಜನಕದಿಂದ ಒಂದು ಪರಮಾಣುವನ್ನು ತೆಗೆದುಕೊಂಡು ಉಂಗುರಕ್ಕೆ ಜೋಡಿಸುತ್ತದೆ. ಉಳಿದ ಇನ್ನೊಂದು ಪರಮಾಣು ನೀರಾಗಿ ಹೋಗುತ್ತದೆ. ಊಟ ಮಾಡಿ ಎಲೆಯಡಿಕೆ ಹಾಕಿಕೊಂಡು ನಾವು ಹರಟೆ ಹೊಡೆಯುತ್ತಿರುವಾಗಲೂ ಈ ಕೆಲಸ ಸದ್ದಿಲ್ಲದೆ ಸಾಗುತ್ತಿರುತ್ತದೆ.

ಆದರೆ ಸಹಸ್ರಾರು ಮಕ್ಕಳಲ್ಲಿ ಒಂದು ಮಗು, ಆ ಕಿಣ್ವವು ಕೆಲಸಕ್ಕೆ ಬಾರದ ಸ್ಥಿತಿಯಲ್ಲಿರುವಾಗಲೇ ಹುಟ್ಟುತ್ತದೆ. ಒಂದು ಪರಮಾಣುವನ್ನು ಸೇರಿಸಲು ಅದರಿಂದಾಗದು. ಅಷ್ಟೇ ಅದರ ಕೊರತೆ. ಗರ್ಭದಲ್ಲಿದ್ದಾಗ ತಾಯಿಯ ಯಕೃತ್ತು ಅದರ ಪಾಲಿನ ಕೆಲಸವನ್ನೂ ಮಾಡಿಕೊಟ್ಟಿರುವುದರಿಂದ, ಹುಟ್ಟಿದಾಗ ಕೂಸು ಉಳಿದೆಲ್ಲ ಕೂಸುಗಳಂತೆಯೇ ಇರುತ್ತದೆ. ಹಾಲು ಕುಡಿಯತೊಡಗಿದ ಮೇಲೆ ಫಿನೈಲಲನೀನ್ ರಕ್ತದಲ್ಲಿ ಶೇಖರವಾಗತೊಡಗುತ್ತದೆ. ಸಾಮಾನ್ಯವಾಗಿ 100 ಮಿಲಿಲೀಟರು ರಕ್ತದಲ್ಲಿ ಒಂದು ಮಿಲಿಗ್ರಾಂ ಸುಮಾರಿನಲ್ಲಿರಬೇಕಾದುದು, ರೋಗ ತೀವ್ರವಾಗಿದ್ದರೆ 20 ಮಿಲಿಗ್ರಾಂ ಮೀರುತ್ತದೆ.

ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಮಿದುಳಿಗೆ ಅಮೈನೋ ಆಮ್ಲಗಳು ಹೋಗುವ ಬಾಗಿಲುಗಳುಂಟು. ಹಲವು ಬಗೆಯವು ಒಂದೇ ಬಾಗಿಲಿನಲ್ಲಿ ಹಾಯಬೇಕು. ರಥೋತ್ಸವದ ದಿನ ಒಂದೇ ಊರಿನವರು ಸಾವಿರಗಟ್ಟಲೆ ಬಂದು ಗುಡಿಯ ಬಾಗಿಲಲ್ಲಿ ನುಗ್ಗಿದರೆ ಉಳಿದ ಊರಿನವರಿಗೆ ದರ್ಶನವೆಲ್ಲಿ? ಹಾಗೆಯೇ ಫಿನೈಲಲನೀನಿನ ನೂಕುನುಗ್ಗಲಿನಲ್ಲಿ, ಬೆಳೆಯುವ ಮಿದುಳಿಗೆ ಬೇಕಾದ ಇತರ ಅಮೈನೋ ಆಮ್ಲಗಳು ಹೊರಗೇ ಉಳಿಯುತ್ತವೆ. ಕೆಲವು ತಿಂಗಳಲ್ಲಿ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ. ಮಾತು ಬಾರದು, ಫಿಟ್ಸ್ ಬರಬಹುದು. ಮೆಲನಿನ್ ಕಡಮೆಯಾಗಿ ಕೂದಲು ಕೆಂಚಾಗುತ್ತದೆ. ಮೈಯಿಂದ ಇಲಿಯ ವಾಸನೆಯಂತಹ ಒಂದು ಮುಗ್ಗುಲು ವಾಸನೆ ಬರುತ್ತದೆ. ಈ ವಾಸನೆಯಿಂದಲೇ ರೋಗದ ಗುಟ್ಟು ಹೊರಬಿದ್ದದ್ದು.

ಓಸ್ಲೋವಿನ ತಾಯಿ

ನಾರ್ವೆ ದೇಶದಲ್ಲಿ ಬೋರ್ಗ್ನಿ ಎಗೆಲಾಂಡ್ ಎಂಬ ತಾಯಿಗೆ ಇಬ್ಬರು ಮಕ್ಕಳು. 1927ರಲ್ಲಿ ಹುಟ್ಟಿದ ಮಗಳು ಲೀವ್, 1930ರಲ್ಲಿ ಹುಟ್ಟಿದ ಮಗ ದಾಗ್. ಹುಟ್ಟಿದಾಗ ಇಬ್ಬರೂ ಸರಿಯಾಗಿಯೇ ಇದ್ದವರು. ಮಗಳು ಆರು ವರ್ಷ ದಾಟಿದರೂ ನಾಲ್ಕಾರು ಮಾತುಗಳ ಆಚೆಗೆ ಹೋಗಲಿಲ್ಲ. ನಾಲ್ಕು ವರ್ಷದ ಮಗನಿಗೆ ನಡೆಯಲೂ ಬಾರದು, ತಾನಾಗಿ ಉಣ್ಣಲೂ ಬಾರದು. ಇಬ್ಬರ ಮೈಯಲ್ಲೂ ಆ ವಿಚಿತ್ರ ವಾಸನೆ. ತಾಯಿ ವೈದ್ಯರಿಂದ ವೈದ್ಯರಿಗೆ ಅಲೆದಳು. ಮಂದಬುದ್ಧಿಗೆ ಮದ್ದಿಲ್ಲವೆಂದರು, ವಾಸನೆಯ ಮಾತನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಆದರೆ ಒಂದೇ ಮನೆಯ ಎರಡು ಮಕ್ಕಳಿಗೂ ಹೀಗೇಕಾಯಿತು, ಈ ವಾಸನೆಗೂ ಅದಕ್ಕೂ ಸಂಬಂಧವಿರಬಹುದೆ ಎಂಬ ಪ್ರಶ್ನೆಯನ್ನು ಅವಳು ಬಿಡಲಿಲ್ಲ.

1934ರಲ್ಲಿ ಆ ಪ್ರಶ್ನೆ ಓಸ್ಲೋ ನಗರದ ಡಾ॥ ಆಸ್‌ಬ್ಯೋರ್ನ್ ಫೋಲಿಂಗರ ಬಳಿಗೆ ಬಂದಿತು. ಅವರು ವೈದ್ಯರಾಗುವುದಕ್ಕೆ ಮೊದಲು ರಸಾಯನಶಾಸ್ತ್ರವನ್ನು ಓದಿದ್ದವರು. ಮಕ್ಕಳ ಮೂತ್ರವನ್ನು ತರಿಸಿ, ಕೀಟೋನ್ ಎಂಬ ಪದಾರ್ಥಗಳನ್ನು ಪತ್ತೆಮಾಡಲು ಅಂದು ರೂಢಿಯಲ್ಲಿದ್ದ ಫೆರಿಕ್ ಕ್ಲೋರೈಡ್ ದ್ರಾವಣದ ಕೆಲವು ಹನಿಗಳನ್ನು ಹಾಕಿದರು. ಕಂದು ಬಣ್ಣ ಹಾಗೆಯೇ ಉಳಿಯಬೇಕು, ಇಲ್ಲವೆ ಕೆನ್ನೀಲಿಯಾಗಬೇಕು. ಆದುದು ಎರಡೂ ಅಲ್ಲ: ಕಡುಹಸಿರು! ಕೆಲವು ನಿಮಿಷಗಳಲ್ಲಿ ಆ ಹಸಿರು ಮಾಯವೂ ಆಯಿತು. ಯಾವ ಪುಸ್ತಕದಲ್ಲಿಯೂ ಫೋಲಿಂಗರು ಅಂತಹುದನ್ನು ಕಂಡಿರಲಿಲ್ಲ.

ಯಾವುದಾದರೂ ಔಷಧದ ಪ್ರಭಾವವಿರಬಹುದೆಂದು ಶಂಕಿಸಿ, ಒಂದು ವಾರ ಮಕ್ಕಳಿಗೆ ಎಲ್ಲ ಔಷಧಗಳನ್ನೂ ನಿಲ್ಲಿಸಲು ಹೇಳಿದರು. ಮತ್ತೆ ಪರೀಕ್ಷಿಸಿದಾಗಲೂ ಹಸಿರೇ. ಅಲ್ಲಿಂದ ಮುಂದೆ ತಾಯಿ ಮೂತ್ರವನ್ನು ತಂದೊಪ್ಪಿಸುತ್ತಲೇ ಹೋದಳು. ಎಲ್ಲ ಸೇರಿ ಸುಮಾರು 20 ಲೀಟರು. ಫೋಲಿಂಗರು ತಾಳ್ಮೆಯಿಂದ ಅದನ್ನು ಸಂಸ್ಕರಿಸಿ ಶುದ್ಧವಾದ ಹರಳುಗಳನ್ನು ಪಡೆದರು. ವಿಶ್ಲೇಷಿಸಿ ನೋಡಲಾಗಿ ಅದು ಫಿನೈಲ್‌ಪೈರೂವಿಕ್ ಆಮ್ಲ. ಎಂದರೆ, ಆಮ್ಲಜನಕ ಸೇರುವ ಹೆದ್ದಾರಿ ಮುಚ್ಚಿದ್ದುದರಿಂದ ಫಿನೈಲಲನೀನ್ ಅಡ್ಡದಾರಿ ಹಿಡಿದು ಆದ ಪದಾರ್ಥ. ಆಮೇಲೆ ಮಂದಬುದ್ಧಿಯವರೆನಿಸಿದ್ದ 430 ಜನರ ಮೂತ್ರವನ್ನು ಪರೀಕ್ಷಿಸಿದಾಗ ಇನ್ನೂ ಎಂಟು ಮಂದಿಯಲ್ಲಿ ಅದೇ ಹಸಿರು ಕಂಡಿತು. ಒಂದು ಹೊಸ ರೋಗ ಬೆಳಕಿಗೆ ಬಂದಿತ್ತು. ಮುಂದೆ 1947ರಲ್ಲಿ ಅಮೆರಿಕದ ಜಾರ್ಜ್ ಜರ್ವಿಸ್ ಎಂಬವರು, ಈ ರೋಗಿಗಳ ದೇಹವು ಫಿನೈಲಲನೀನನ್ನು ಟೈರೋಸೀನಾಗಿ ಮಾರ್ಪಡಿಸಲಾರದೆಂಬುದನ್ನು ತೋರಿಸಿದರು.

ತಾಯಿಯ ಪ್ರಶ್ನೆಗೆ ಉತ್ತರ ದೊರೆಯಿತು. ಆದರೆ ಲೀವ್ ಮತ್ತು ದಾಗರ ಪಾಲಿಗೆ ಕಾಲ ಮಿಂಚಿತ್ತು; ಕೆಟ್ಟ ಮಿದುಳನ್ನು ಸರಿಪಡಿಸುವ ಉಪಾಯ ಅಂದೂ ಇರಲಿಲ್ಲ, ಇಂದೂ ಇಲ್ಲ. ‘ದಿ ಗುಡ್ ಅರ್ತ್’ ಕಾದಂಬರಿಯಿಂದ ಪ್ರಸಿದ್ಧರಾಗಿ 1938ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಪರ್ಲ್ ಬಕ್ ಅವರ ಮಗಳೂ ಇಂತಹವಳೇ. ಆಕೆ ಹುಟ್ಟಿದ್ದು 1920ರಲ್ಲಿ. ಬೆಳೆಯದೆ ಉಳಿದ ತಮ್ಮ ಮಗುವನ್ನು ಕುರಿತು ಅವರು 1950ರಲ್ಲಿ ಪುಸ್ತಕವನ್ನೇ ಬರೆದರು. ಕಾರಣ ಈ ರೋಗವೆಂದು ತಿಳಿದದ್ದು ಅದಾದ ಎಷ್ಟೋ ವರ್ಷಗಳ ಮೇಲೆ.

ಹೆಚ್ಚೂ ಸಲ್ಲದು, ಕಡಮೆಯೂ ಸಲ್ಲದು

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ 1951ರ ಸುಮಾರಿಗೆ ಎರಡು ವರ್ಷದ ಹೆಣ್ಣು ಮಗುವೊಂದಕ್ಕೆ ಇದೇ ರೋಗವೆಂದು ಗೊತ್ತಾಗಿತ್ತು. ರೋಗದ ಹೆಸರು ಕೇಳಿ ತಾಯಿಗೆ ಸಮಾಧಾನವಾಗಲಿಲ್ಲ. ದಿನದಿನವೂ ಬೆಳಗ್ಗೆ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು, ಏನಾದರೂ ಮಾಡಲೇಬೇಕೆಂದು ಡಾ॥ ಹಾರ್ಸ್ಟ್ ಬಿಕೆಲರನ್ನು ಕಾಡಿದಳು. ಬಿಕೆಲ್, ಗೆರಾರ್ಡ್ ಮತ್ತು ಎವೆಲಿನ್ ಹಿಕ್‌ಮನ್ಸ್ ಈ ಮೂವರು ಸೇರಿ, ಹಾಲಿನ ಪ್ರೋಟೀನನ್ನು ಬಿಡಿಬಿಡಿ ಅಮೈನೋ ಆಮ್ಲಗಳಾಗಿ ಒಡೆದು, ಇದ್ದಲಿನ ಮೂಲಕ ಸೋಸಿ, ಫಿನೈಲಲನೀನನ್ನು ತೆಗೆದುಹಾಕಿದ ಆಹಾರವನ್ನು ಸಿದ್ಧಪಡಿಸಿದರು.

ಮೊದಲ ಪಾಠ ಕಠಿನವಾಗಿತ್ತು. ಫಿನೈಲಲನೀನ್ ಲವಲೇಶವೂ ಇಲ್ಲದ ಆ ಆಹಾರದಿಂದ ಮಗು ಸೊರಗಿತು. ಸೊರಗದೆ ಇದ್ದೀತೆ? ಅತ್ಯಾವಶ್ಯಕವಾದ ಮಣಿಯೇ ಇಲ್ಲದ ಮೇಲೆ ಬೆಳೆಯುವ ದೇಹಕ್ಕೆ ಸರ ಪೋಣಿಸುವುದು ಹೇಗೆ? ಅಳತೆಯಿಟ್ಟು ಸ್ವಲ್ಪ ಹಾಲನ್ನು ಸೇರಿಸಿದ ಮೇಲೆ ಮಗು ಚೇತರಿಸಿಕೊಂಡಿತು. ಕೆಲವು ತಿಂಗಳಲ್ಲಿ ಅಂಬೆಗಾಲಿಟ್ಟಿತು, ಎದ್ದು ನಿಂತಿತು. ಕಣ್ಣಿಗೆ ಕಳೆ ಬಂದಿತು, ಕೂದಲು ಕಪ್ಪಾಯಿತು, ನೆಲಕ್ಕೆ ತಲೆ ಚಚ್ಚಿಕೊಳ್ಳುವುದು ನಿಂತಿತು.

ಇದು ಆಹಾರದ ಫಲವೋ ಕಾಕತಾಳೀಯವೋ ಎಂದು ತಿಳಿಯಲು ವೈದ್ಯರು ಆ ತಾಯಿಗೆ ಹೇಳದೆಯೇ ಮಗುವಿನ ಆಹಾರಕ್ಕೆ ಫಿನೈಲಲನೀನನ್ನು ಬೆರೆಸಿದರು. ಇಂದಾದರೆ ಯಾವ ಆಸ್ಪತ್ರೆಯೂ ಇದಕ್ಕೆ ಸಮ್ಮತಿ ಕೊಡದು. ಕೆಲವೇ ದಿನಗಳಲ್ಲಿ ಮಗು ತಿಂಗಳುಗಟ್ಟಲೆ ಗಳಿಸಿದ್ದೆಲ್ಲವನ್ನೂ ಬಹುಮಟ್ಟಿಗೆ ಕಳೆದುಕೊಂಡಿತು. ಅದನ್ನು ಮೊದಲು ಗುರುತಿಸಿದವಳೂ ತಾಯಿಯೇ. ಆಹಾರವನ್ನು ಸರಿಪಡಿಸಿದ ಮೇಲೆ ಮತ್ತೆ ಸುಧಾರಣೆ ಕಂಡಿತು. ಎರಡು ವರ್ಷಗಳ ಹಾನಿ ಪೂರ್ತಿಯಾಗಿ ಅಳಿಯಲಿಲ್ಲವಾದರೂ, ಹುಟ್ಟಿದೊಡನೆಯೇ ಇಂತಹ ಪಥ್ಯವನ್ನು ಮೊದಲು ಮಾಡಿದರೆ ಮಿದುಳು ಉಳಿದೀತೆಂಬ ಆಸೆ ಹುಟ್ಟಿತು.

ಹಿಮ್ಮಡಿಯ ಒಂದು ಹನಿ

ಹುಟ್ಟಿದೊಡನೆ ರೋಗವನ್ನು ಗುರುತಿಸುವುದು ಹೇಗೆ? ಮೂತ್ರದಲ್ಲಿ ಹಸಿರು ಕಾಣಿಸಿಕೊಳ್ಳಲು ವಾರಗಳೇ ಬೇಕಾಗಬಹುದು. ಇದಕ್ಕೆ ದಾರಿ ತೋರಿಸಿದವರು ಅಮೆರಿಕದ ಬಫಲೋ ನಗರದ ಡಾ॥ ರಾಬರ್ಟ್ ಗಥ್ರಿ. ಅವರ ಮಗನೇ ಮಂದಬುದ್ಧಿಯ ಬಾಲಕ. ಅದರ ಕಾರಣ ಬೇರೆ. ಆದರೆ ಹೆಂಡತಿಯ ಕಡೆಯ ಒಂದು ಪುಟ್ಟ ಹುಡುಗಿಗೆ ಈ ರೋಗವಿದ್ದು, ಹದಿನೈದು ತಿಂಗಳಾಗುವವರೆಗೆ ತಿಳಿಯದೆ ಹೋಗಿತ್ತು.

ಗಥ್ರಿಯವರ ಯುಕ್ತಿ ಸೊಗಸಾದುದು. ಕೂಸಿನ ಹಿಮ್ಮಡಿಯನ್ನು ಚುಚ್ಚಿ ಒಂದು ಹನಿ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸುವುದು. ಆ ಕಾಗದದ ಬಿಲ್ಲೆಯನ್ನು, ಒಂದು ಬಗೆಯ ನಿರಪಾಯಕಾರಿ ಬ್ಯಾಕ್ಟೀರಿಯವನ್ನು ಬಿತ್ತಿರುವ ತಟ್ಟೆಯಲ್ಲಿಡುವುದು. ತಟ್ಟೆಯಲ್ಲಿ ಆ ಬ್ಯಾಕ್ಟೀರಿಯ ಬೆಳೆಯದಂತೆ ತಡೆಯುವ ರಾಸಾಯನಿಕವೊಂದಿರುತ್ತದೆ; ಫಿನೈಲಲನೀನ್ ಹೇರಳವಾಗಿದ್ದರೆ ಆ ತಡೆ ಸೋಲುತ್ತದೆ. ಎಂದರೆ, ರೋಗವಿರುವ ಮಗುವಿನ ಬಿಲ್ಲೆಯ ಸುತ್ತ ಮಾತ್ರ ಬ್ಯಾಕ್ಟೀರಿಯ ಬೆಳೆದು ಬೆಳ್ಳನೆಯ ಪ್ರಭಾವಳಿ ಮೂಡುತ್ತದೆ. 1963ರಲ್ಲಿ ಈ ವಿಧಾನ ಪ್ರಕಟವಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವು ಅದೇ ವರ್ಷ ಇದನ್ನು ಕಾನೂನುಮೂಲಕ ಕಡ್ಡಾಯಗೊಳಿಸಿತು. ಈಗ ಅನೇಕ ಕಡೆ ತಟ್ಟೆಯ ಸ್ಥಾನದಲ್ಲಿ ಯಂತ್ರಗಳು ಬಂದಿವೆ. ಒಂದೇ ರಕ್ತದ ಕಲೆಯಿಂದ ಹತ್ತಾರು ರೋಗಗಳನ್ನು ಪತ್ತೆಮಾಡುತ್ತಾರೆ. ಸೋಸುಕಾಗದ ಮಾತ್ರ ಹಾಗೆಯೇ ಉಳಿದಿದೆ.

ರೋಗ ಗೊತ್ತಾದ ಕೂಸಿಗೆ ಮೊದಲ ವಾರಗಳಲ್ಲಿಯೇ ಪಥ್ಯ. ಎದೆಹಾಲಿನಲ್ಲಿ ಫಿನೈಲಲನೀನ್ ಹಸುವಿನ ಹಾಲಿಗಿಂತ ಕಡಮೆಯಿರುವುದರಿಂದ, ಫಿನೈಲಲನೀನ್ ತೆಗೆದ ವಿಶೇಷ ಹಾಲಿನ ಜತೆಗೆ ವೈದ್ಯರ ಲೆಕ್ಕಾಚಾರದಂತೆ ಎದೆಹಾಲನ್ನೂ ಕೊಡಬಹುದು. ಬೆಳೆದ ಮೇಲೆ ಹಾಲು, ಬೇಳೆ, ಮೊಟ್ಟೆ, ಮಾಂಸ ದೂರ, ಅನ್ನವೂ ಅಳತೆಯಲ್ಲಿ. ರೋಗ ತೀವ್ರವಾಗಿರುವ ಮಗು ದಿನಕ್ಕೆ 250ರಿಂದ 350 ಮಿಲಿಗ್ರಾಂ ಫಿನೈಲಲನೀನನ್ನು ಮಾತ್ರ ತಾಳಬಲ್ಲದು. ಒಂದು ದೊಡ್ಡ ಲೋಟ ಹಸುವಿನ ಹಾಲಿನಲ್ಲಿಯೇ ಅಷ್ಟಿರುತ್ತದೆ. ಈ ಪಥ್ಯ ಬಾಲ್ಯದಲ್ಲಿ ಮುಗಿಯುವಂತಹುದಲ್ಲ, ಜೀವಮಾನದ ವ್ರತ. ಹೆಣ್ಣುಮಗಳಾದರೆ ಬಸುರಿನಲ್ಲಿ ಅವಳ ರಕ್ತದ ಫಿನೈಲಲನೀನ್ ಹೆಚ್ಚದಂತೆ ಇನ್ನೂ ಎಚ್ಚರ ಬೇಕು. ಇತ್ತೀಚೆಗೆ ಕೆಲವರಿಗೆ ಒಗ್ಗುವ ಔಷಧಗಳೂ ಬಂದಿವೆ. ಕಷ್ಟದ ಬಾಳೇ ಸರಿ. ಆದರೆ ಈ ವ್ರತವನ್ನು ಮೊದಲಿನಿಂದ ನಡೆಸಿಕೊಂಡು ಬಂದ ಮಕ್ಕಳು ಎಲ್ಲರಂತೆ ಶಾಲೆಗೆ ಹೋಗುತ್ತಾರೆ, ಓದುತ್ತಾರೆ, ಉದ್ಯೋಗ ಹಿಡಿಯುತ್ತಾರೆ.

ನಮ್ಮ ಮನೆಗಳ ಮಾತು

ಈ ರೋಗ ನಮ್ಮಲ್ಲಿ ಯುರೋಪಿಗಿಂತ ವಿರಳವೆಂದು ತಿಳಿಯಲಾಗಿದೆ. ಆದರೂ ನಾವು ನಿಶ್ಚಿಂತರಾಗಿರಲು ಒಂದು ಅಡ್ಡಿಯುಂಟು. ಕಿಣ್ವದ ಈ ದೋಷ ಮಗುವಿಗೆ ಬರಬೇಕಾದರೆ ತಾಯಿತಂದೆಗಳಿಬ್ಬರೂ ಅದರ ದೋಷಯುಕ್ತ ವಂಶವಾಹಿಯನ್ನು ಹೊತ್ತಿರಬೇಕು. ಹೊತ್ತವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಆದುದರಿಂದ ಅವರಿಗೆ ಅದು ತಿಳಿಯುವುದೂ ಇಲ್ಲ. ಇಬ್ಬರೂ ಹೊತ್ತಿದ್ದರೆ ಪ್ರತಿಯೊಂದು ಬಸುರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಇಬ್ಬರು ಅಪರಿಚಿತರು ಒಂದೇ ಬಗೆಯ ದೋಷವನ್ನು ಹೊತ್ತಿರುವುದು ಅಪರೂಪ. ಒಂದೇ ಅಜ್ಜಿಯ ಮೊಮ್ಮಕ್ಕಳಲ್ಲಿ ಆ ಸಂಭವ ಹೆಚ್ಚು. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿ ನಮ್ಮ ಕಡೆ ಬಹುಕಾಲದಿಂದ ಬಂದದ್ದು. ಇದೊಂದೇ ರೋಗವಲ್ಲ, ಇಂತಹ ಇನ್ನೂ ಹಲವಾರು ರೋಗಗಳ ಲೆಕ್ಕವೂ ಹೀಗೆಯೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ॥ ಎನ್. ಅಪ್ಪಾಜಿ ರಾವ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿಯೇ ಕರ್ನಾಟಕದ ಸಾವಿರ ಸಾವಿರ ನವಜಾತ ಶಿಶುಗಳ ರಕ್ತದಲ್ಲಿ ಅಮೈನೋ ಆಮ್ಲಗಳನ್ನು ಪರೀಕ್ಷಿಸಿ, 1988ರಲ್ಲಿ ವರದಿ ಪ್ರಕಟಿಸಿದರು. 2008ರಲ್ಲಿ ಗೋವಾ ಸರ್ಕಾರ ಶಿಶುಗಳ ಪರೀಕ್ಷೆಯ ಯೋಜನೆಯೊಂದನ್ನು ಕೈಗೊಂಡಿತು. ಆದರೆ ದೇಶದಲ್ಲಿ ಹುಟ್ಟುವ ಪ್ರತಿಯೊಂದು ಕೂಸಿಗೂ ಕಡ್ಡಾಯವಾಗಿ ಈ ಪರೀಕ್ಷೆ ನಡೆಯುವ ಏರ್ಪಾಡು ಇನ್ನೂ ಆಗಿಲ್ಲ. ಅನೇಕ ಆಸ್ಪತ್ರೆಗಳಲ್ಲಿ, ಕೇಳಿದವರಿಗೆ ಮಾಡಿಕೊಡುತ್ತಾರೆ. ಆದಕಾರಣ ಕೇಳಬೇಕು. ಮನೆಗೆ ಮಗು ಬರುವ ಸಂತೋಷದಲ್ಲಿ ತೊಟ್ಟಿಲು, ಗಿಲಕಿ, ಕುಲಾವಿಗಳ ಪಟ್ಟಿ ಮಾಡುವವರು, ಹುಟ್ಟಿದ ಒಂದು ದಿನದ ತರುವಾಯ ಮಾಡಿಸಬೇಕಾದ ಹಿಮ್ಮಡಿಯ ರಕ್ತಪರೀಕ್ಷೆಯನ್ನೂ ಅದರಲ್ಲಿ ಸೇರಿಸಿಕೊಂಡರೆ ಒಳಿತು.

ಇನ್ನು ಕಾಫಿಯ ಗುಳಿಗೆ. 1965ರಲ್ಲಿ ಜೇಮ್ಸ್ ಶ್ಲಾಟರ್ ಎಂಬ ರಸಾಯನಜ್ಞರು ಹುಣ್ಣಿನ ಔಷಧಕ್ಕಾಗಿ ಪ್ರಯೋಗ ನಡೆಸುತ್ತಿದ್ದಾಗ, ಕಾಗದವನ್ನೆತ್ತಲು ಬೆರಳನ್ನು ನಾಲಗೆಗೆ ತಾಗಿಸಿ, ಅನಿರೀಕ್ಷಿತವಾದ ಸಿಹಿಯನ್ನು ಕಂಡರು. ಅದೇ ಆಸ್ಪರ್ಟೇಮ್, ಸಕ್ಕರೆಯ ಸುಮಾರು 200 ಪಟ್ಟು ಸಿಹಿ. ಕಹಿಯಾದ ಫಿನೈಲಲನೀನ್ ಆಸ್ಪಾರ್ಟಿಕ್ ಆಮ್ಲದ ಜೊತೆಗೂಡಿ ಹೀಗೆ ಸಿಹಿಯಾಗಿದೆ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಫಿನೈಲಲನೀನಿನದೇ. ಗುಳಿಗೆಯಲ್ಲಿರುವಷ್ಟು ಫಿನೈಲಲನೀನಿಗೆ ಉಳಿದವರು ಅಂಜಬೇಕಾಗಿಲ್ಲ; ಅದೇ ಕಾಫಿಗೆ ಬೆರೆಸುವ ಹಾಲಿನಲ್ಲಿ ಅದಕ್ಕಿಂತ ಹೆಚ್ಚು ಇರುತ್ತದೆ. ಮಿಲಿಗ್ರಾಂ ಎಣಿಸಿ ಬದುಕುವವರಿಗೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ಮುಂದೆ ಆ ಡಬ್ಬಿ ಕೈಗೆ ಬಂದಾಗ ಒಮ್ಮೆ ಅದನ್ನು ತಿರುಗಿಸಿ ನೋಡಿರಿ. ತನ್ನ ಮಕ್ಕಳ ಮೈವಾಸನೆ ಸರಿಯಿಲ್ಲವೆಂದು ಹೇಳುತ್ತಲೇ ಹೋದ ಒಬ್ಬ ತಾಯಿಯ ಮಾತನ್ನು ಕೊನೆಗೂ ಒಬ್ಬರು ಕಿವಿಗೊಟ್ಟು ಕೇಳಿದುದರಿಂದ ಆ ಸಾಲು ಅಲ್ಲಿಗೆ ಬಂದಿದೆ.